ಮಲ್ಪೆಯ ಮರಳಲ್ಲಿ ಮುದ್ದೆ ಕಟ್ಟುವ ಚಲುವಮ್ಮ

ಸಾವಿರದ ಒಂಬೈನೂರ ತೊಂಬತ್ತೆಂಟರ ಜನವರಿ, ಬಾಬುರಾಯನಕೊಪ್ಪಲಿನಲ್ಲಿ ಬೆಳಗಿನ ಐದೂವರೆ. ಮೈಸೂರು ರಸ್ತೆಯ ಬಸ್ಸುಗಳು ಇನ್ನೂ ದೀಪ ಹಾಕಿಕೊಂಡೇ ಓಡುತ್ತಿವೆ. ಚಲುವಮ್ಮ ಮನೆ ಮುಂದಿನ ಕಲ್ಲಿನ ಮೇಲೆ ಕೂತು, ಮಗುವೊಂದು ಒಳಗೆ ಕೂರಬಹುದಾದಷ್ಟು ದೊಡ್ಡ ಕೊಳದಪ್ಪಲೆಯನ್ನು ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದಾರೆ. ಮಗುಚಿದರೆ ಹಿಡಿಯಷ್ಟು ಮರಳು ಉದುರುತ್ತದೆ. ಕಾವೇರಿಯ ಮರಳಲ್ಲ, ನುಣ್ಣಗಿದೆ, ನಡುವೆ ಚಿಪ್ಪಿನ ಚೂರುಗಳಿವೆ.

"ನೋಡಿ, ಮಲ್ಪೆ ನಮ್ಮನೆವರ್ಗೂ ಬಂದ್ಬುಟ್ಟದೆ," ಎಂದು ನಗುತ್ತಾರೆ. ರಾತ್ರಿಯಷ್ಟೇ ಪ್ರವಾಸದ ಬಸ್ಸಿನಿಂದ ಇಳಿದಿದ್ದಾರೆ. ಕಣ್ಣಲ್ಲಿ ನಿದ್ದೆಯಿಲ್ಲ, ಮುಖದಲ್ಲಿ ದಣಿವಿಲ್ಲ. ಎರಡು ವರ್ಷ ಎದೆಯ ಮೇಲಿದ್ದ ಭಾರ ಮೊನ್ನೆ ಇಳಿದಿದೆ.

ಚಲುವಮ್ಮನಿಗೆ ಈಗ ಐವತ್ತೆರಡು. ಭತ್ತದ ಕೊಯ್ಲು ಮುಗಿದು ಕಣ ಖಾಲಿಯಾದರೆ ಕೆ.ಆರ್.ಪೇಟೆ, ಪಾಂಡವಪುರ, ನಾಗಮಂಗಲದ ಒಕ್ಕಲು ಮನೆಯವರು ಬಸ್ಸು ಮಾಡಿಕೊಂಡು ಧರ್ಮಸ್ಥಳ, ಉಡುಪಿ, ಮಲ್ಪೆ, ಗೋಕರ್ಣ ಅಂತ ಐದು ದಿನ ಹೊರಡುತ್ತಾರೆ. ಎಂಬತ್ತೊಂಬತ್ತರಿಂದ ಆ ಬಸ್ಸಿನ ಅಡುಗೆ ಇವರದು. ಗಂಡ ಕುಳ್ಳಯ್ಯನವರದು ಸೌದೆ, ನೀರು. ನಲವತ್ತೆಂಟು ಜನ, ಹೊತ್ತಿಗೆ ಅರುವತ್ತು ಮುದ್ದೆ. ಕರಾವಳಿಯ ಕುಸುಬಲಕ್ಕಿ ಅನ್ನವನ್ನು ನಮ್ಮವರು ಮೊದಲ ದಿನ ಹೊಗಳುತ್ತಾರೆ, ಎರಡನೇ ದಿನ ಸಹಿಸುತ್ತಾರೆ, ಮೂರನೇ ದಿನ ಚಾಲಕನ ಜೊತೆ ಜಗಳ ತೆಗೆಯುತ್ತಾರೆ.

"ಕಡಲು ನೋಡಕ್ಕೆ ಎಲ್ಡು ಗಂಟೆ ಸಾಕು ಕಣಪ್ಪ. ಆಮ್ಯಾಕೆ ಎಲ್ರೂ ನನ್ ಕಡೇನೆ ನೋಡ್ತರೆ," ಎನ್ನುತ್ತಾರೆ.

ಕಡಲ ತೀರದಲ್ಲಿ ಊಟಕ್ಕೆ ಯಾವ ಜಾಗ ಚೆನ್ನ ಎಂದು ಕೇಳಿದರೆ ಇವರು ಹೋಟೆಲಿನ ಹೆಸರು ಹೇಳುವುದಿಲ್ಲ. ಮಲ್ಪೆಯಲ್ಲಿ ಗಾಳಿಮರಗಳ ಹಿಂದೆ. ಅಲ್ಲಿ ಮರಳು ಹಾರಿ ಸಾರಿಗೆ ಬೀಳುವುದಿಲ್ಲ. ಮುರ್ಡೇಶ್ವರದಲ್ಲಿ ಎಳೆದು ನಿಲ್ಲಿಸಿದ ದೋಣಿಗಳ ನೆರಳು. ಎಲ್ಲಕ್ಕಿಂತ ಇಷ್ಟ ಮರವಂತೆ: ರಸ್ತೆಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಹೊಳೆ. "ಹೊಳೆ ಕಂಡ್ರೆ ನಮ್ಮೋರು ಎಲ್ಡು ಮುದ್ದೆ ಜಾಸ್ತಿ ಉಣ್ತರೆ. ನಮ್ಮೂರ್ನಾಗೇ ಕುಂತಂಗೆ ಆಯ್ತದೆ."

ಆದರೆ ತೊಂಬತ್ತಾರರ ಜನವರಿಯಲ್ಲಿ ಮಲ್ಪೆಯಲ್ಲಿ ಒಂದು ತಪ್ಪಾಯಿತು. ಅದಕ್ಕೂ ಮುಂಚೆ ಅಲ್ಲಿ ಒಲೆ ಹೂಡುತ್ತಿದ್ದುದು ರಸ್ತೆಬದಿಯ ಒಂದು ಛತ್ರದಲ್ಲಿ. ಆ ಸಲ ಛತ್ರ ಮದುವೆಗೆ ಹೋಗಿತ್ತು. ಚಲುವಮ್ಮ ಬೆಳಿಗ್ಗೆ ಮರಳಿಗಿಳಿದು, ನೀರಿನ ಪಕ್ಕದ ಗಟ್ಟಿ ನೆಲ ನೋಡಿ ಒಲೆಕಲ್ಲು ಇಟ್ಟರು.

"ಗಂಜಾಂ ಹೊಳೆದಂಡೆಲಿ ನಾವು ಅಂಗೇ ಮಾಡದು. ಒದ್ದೆ ಮರಳು ಗಟ್ಟಿ, ಕಲ್ಲು ಕುಸಿಯಕಿಲ್ಲ. ನಮ್ ಕಾವೇರಿ ಏರದಾದ್ರೆ ಮುಂಚೇನೆ ಸುದ್ದಿ ಕಳಿಸ್ತಳೆ. ಈ ಕಡಲು ದಿನಾ ಎಲ್ಡು ಸಲ ಬಂದೋಗೋ ನೆಂಟ ಅಂತ ನಂಗೆ ಯಾರ್ ಯೋಳಿದ್ರು?"

ಹನ್ನೊಂದು ಗಂಟೆಗೆ ನೀರು ಒಲೆಯ ಬಾಯಿಗೆ ಬಂತು. ಮುಂದಿನ ಅಲೆಗೆ ಅವರೆಕಾಳಿನ ಸಾರು ದಪ್ಪಲೆ ಸಮೇತ ಮಗುಚಿತು. ನಲವತ್ತೆಂಟು ಜನ ಬಾಳೆಹಣ್ಣು ತಿಂದು ಬಸ್ಸು ಹತ್ತಿದರು. ಅದನ್ನು ಕಂಡ ಮೀನು ಮಾರುವ ಹೆಂಗಸೊಬ್ಬಳು, "ಎಂಥ ಮಾರಾಯ್ತಿ, ಇದನ್ನೂ ಕೆರೆ ಅಂತ ಮಾಡಿದ್ದೀರಾ?" ಎಂದಳಂತೆ. ನಕ್ಕಾದ ಮೇಲೆ ಕೈಹಿಡಿದು ಕರೆದುಕೊಂಡು ಹೋಗಿ, ಒಣಗಿದ ಕಸ, ಚಿಪ್ಪು ಸಾಲಾಗಿ ಬಿದ್ದಿರುವ ಗೆರೆ ತೋರಿಸಿದಳು. ನೀರು ಬರುವುದು ಅಲ್ಲಿಯವರೆಗೆ.

ಪಾಠ ಸಿಕ್ಕಿತು, ಕೆಲಸ ಹೋಯಿತು. ಬಸ್ಸಿನ ಮಾಲೀಕ ಪಾಂಡವಪುರದ ತಿಮ್ಮರಾಜು ಮರುವರ್ಷ ಊಟವನ್ನು ಹೋಟೆಲಿಗೆ ವಹಿಸಿದರು. ಊರಲ್ಲಿ ಚಲುವಮ್ಮನಿಗೆ 'ಸಮುದ್ರಕ್ಕೆ ಎಡೆ ಇಕ್ಕಿದೋಳು' ಎಂಬ ಹೆಸರು ಬಿತ್ತು. ಮದುವೆಮನೆಯವರೂ ಕರೆಯುವುದನ್ನು ಬಿಟ್ಟರು. "ಕೈಯ ರುಚಿ ಹೋಗಿರ್ಲಿಲ್ಲ, ಹೆಸರು ಹೋಗಿತ್ತು," ಎನ್ನುವಾಗ ತಿಕ್ಕುವ ಕೈ ನಿಲ್ಲುತ್ತದೆ.

ಈ ವರ್ಷ ಬೂಕನಕೆರೆಯವರು ಹೋಟೆಲ್ ಊಟವಾದರೆ ಬರುವುದಿಲ್ಲ ಎಂದು ಹಟ ಹಿಡಿದರು. ತಿಮ್ಮರಾಜು ಒಪ್ಪಿದರು, ಒಂದು ಮಾತಿನ ಮೇಲೆ: ಈ ಒಂದು ಬಸ್ಸು ನೋಡುತ್ತೇನೆ, ಒಂದು ಹೊತ್ತು ತಪ್ಪಿದರೂ ಮತ್ತೆ ಕರೆಯುವುದಿಲ್ಲ.

ಮೊನ್ನೆ ಮಲ್ಪೆಯಲ್ಲಿ ಚಲುವಮ್ಮ ಕಸದ ಗೆರೆ ಹುಡುಕಿ, ಅದರಿಂದ ಇಪ್ಪತ್ತು ಹೆಜ್ಜೆ ಮೇಲಕ್ಕೆ ಎಣಿಸಿ ಒಲೆ ಹೂಡಿದರು. ಆಮೇಲೂ ಧೈರ್ಯ ಸಾಲದೆ ಗೆರೆಯ ಮೇಲೆ ಗಂಡನನ್ನೇ ಕೂರಿಸಿದರು.

"ಕಾಲು ನೆಂದ್ರೆ ಕೂಗು ಅಂದ್ಳು," ಎಂದು ಹಜಾರದಿಂದ ಕುಳ್ಳಯ್ಯ ದನಿ ಸೇರಿಸುತ್ತಾರೆ. "ಮೂರು ಗಂಟೆ ಕುಂತಿದ್ದೆ. ಕಾಲು ನೆನೀನಿಲ್ಲ, ತಲೆ ಕಾದೋಯ್ತು."

ನೀರು ಬಂತು, ಗೆರೆಯ ಹತ್ತಿರ ನಿಂತಿತು, ಹಿಂದಕ್ಕೆ ಹೋಯಿತು. ಅರುವತ್ತು ಮುದ್ದೆಯಲ್ಲಿ ಒಂದೂ ಉಳಿಯಲಿಲ್ಲ. ಆಮೇಲೆ ಪಾತ್ರೆಯ ಮರೆಯಲ್ಲಿ ಕೂತು ಸ್ವಲ್ಪ ಅತ್ತೆ ಎಂದು ಚಲುವಮ್ಮ ಸಂಕೋಚವಿಲ್ಲದೆ ಹೇಳುತ್ತಾರೆ.

ಬಿಸಿಲು ಬರುವ ಹೊತ್ತಿಗೆ ಲೂನಾದಲ್ಲಿ ತಿಮ್ಮರಾಜು ಬರುತ್ತಾರೆ. ಇಳಿಯದೆ, ಒಂದು ಕಾಲು ನೆಲಕ್ಕೆ ಊರಿ ಹೇಳುತ್ತಾರೆ: "ಚಲುವಕ್ಕ, ಸುಕ್ರವಾರ ನಾಗಮಂಗಲದೋರ ಬಸ್ಸು. ಅಡುಗೆ ನಿಂದೇ ಆಗ್ಬೇಕಂತೆ. ಈ ವರ್ಸ ಪೂರ್ತಿ ನಿಂದೇ ಬುಡು."

ಚಲುವಮ್ಮ ದಪ್ಪಲೆ ಬೋರಲು ಹಾಕಿ, ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಬತ್ತೀನಿ. ಆದ್ರೆ ನಂಗೆ ಕಿಟಕಿ ಪಕ್ಕ ಸೀಟು ಬೇಕು. ಇಷ್ಟ್ ವರ್ಸ ಓಗ್ಬಂದಿವ್ನಿ, ಘಾಟಿ ಎಂಗೈತೆ ಅಂತ ಒಂದ್ಸಲಾನೂ ನೋಡಿಲ್ಲ. ತಿರುವು ಬಂದ್ರೆ ಪಾತ್ರೆ ತಬ್ಕೊಂಡು ಕುಂತ್ಕಳದೇ ಆಯ್ತು."

"ಮತ್ತೆ ಪಾತ್ರೆ ಯಾರಕ್ಕ ಇಡ್ಕಳದು?"

"ನೀನೇ ಇಡ್ಕ. ಮಾಲೀಕ ಅಲ್ವ?"