ಇಂಟರ್‌ದಿಪಾರ್ತಿಮೆಂತಾಲೆ ಆಂಟಿ

ಆಂಟಿಯ ಬಲಗೈ ಬೆರಳುಗಳ ತುದಿ ಸದಾ ಅರಿಶಿನ ಬಣ್ಣ. ಚಿತ್ರಾನ್ನವನ್ನು ಚಮಚದಲ್ಲಿ ಕಲಸಿದರೆ ರುಚಿಯೇ ಬರುವುದಿಲ್ಲ ಎಂಬುದು ಅವರ ಹಟ. ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್ ಊರಿನಲ್ಲಿ, ನಮ್ಮ ವಾಲ್ವ್ ಕಂಪನಿಯ ಆಫೀಸಿನಲ್ಲಿ ಕೂತು, ಇಟಲಿಯ ಹೆಡ್ ಆಫೀಸಿನಿಂದ ಬಂದ ಕಾಗದಗಳನ್ನು ಅದೇ ಬೆರಳುಗಳಿಂದ ಇಂಗ್ಲಿಷಿಗೆ ಇಳಿಸುತ್ತಿದ್ದರು. ಮೈಸೂರಿನವರು, ಗಂಡನ ಕೆಲಸದ ದೆಸೆಯಿಂದ ಮಿಲಾನಿನಲ್ಲಿ ಹಲವು ವರ್ಷ ಇದ್ದು ಭಾಷೆ ಕಲಿತಿದ್ದರು.

ಟೆಸ್ಟಿಂಗ್ ವಿಭಾಗಕ್ಕೆ ನಾನು ಹೊಸಬಳು. ಆ ಕಾಗದಗಳಲ್ಲಿ ಪದೇ ಪದೇ ಕಾಣುತ್ತಿದ್ದ ಇಂಟರ್‌ದಿಪಾರ್ತಿಮೆಂತಾಲೆ ಎಂಬ ಪದದ ಅರ್ಥವನ್ನು ಆಂಟಿಯ ಹತ್ತಿರ ಕೇಳಿದೆ.

"ದಿಪಾರ್ತಿಮೆಂತಾಲೆ ಅಂದ್ರೆ ಒಂದು ವಿಭಾಗಕ್ಕೆ ಸೇರಿದ್ದು ಕಣೇ. ಮುಂದೆ ಇಂಟರ್ ಸೇರಿಸಿದ್ರೆ ಬೇರೆ ಬೇರೆ ವಿಭಾಗಗಳ ನಡುವಿನದು. ಸಭೆಗೂ ಹಾಕ್ತಾರೆ, ಸಮಿತಿಗೂ ಹಾಕ್ತಾರೆ, ಪ್ರಾಜೆಕ್ಟಿಗೂ ಹಾಕ್ತಾರೆ. ನಮ್ಮಲ್ಲಿ ಮಾತ್ರ ಕಾಗದದ ಮೇಲೇ ಉಳಿದುಬಿಟ್ಟಿದೆ, ಪಾಪ!"

ನಿಜವೇ. ಟೆಸ್ಟಿಂಗಿನವರು ಡಿಸೈನಿನವರ ಜೊತೆ ಮಾತಾಡಬೇಕಾದರೆ ಮೊದಲು ನಮ್ಮ ಮ್ಯಾನೇಜರ್, ಆಮೇಲೆ ಅವರ ಮ್ಯಾನೇಜರ್. ಊಟಕ್ಕೂ ಬೇರೆ ಬೇರೆ ಟೇಬಲ್ಲು! ಆಂಟಿಯೊಬ್ಬರೇ ಡಬ್ಬಿ ಹಿಡಿದು ದಿನಕ್ಕೊಂದು ವಿಭಾಗದವರ ಜೊತೆ ಹೋಗಿ ಕೂರುತ್ತಿದ್ದರು.

ಒಮ್ಮೆ, ಮರುದಿನ ಸೈಟಿಗೆ ಹೋಗಬೇಕಿದ್ದ ಗ್ಯಾಸ್ ವಾಲ್ವ್ ಒಂದು ನನ್ನ ಪರೀಕ್ಷೆಯಲ್ಲಿ ಸೋರಿತು. ಮ್ಯಾನೇಜರ್ ವಿಮಾನದಲ್ಲಿದ್ದರು. ಅವರನ್ನು ದಾಟಿ ಡಿಸೈನಿನವರಿಗೆ ಹೇಳಿದರೆ ಕೆಲಸ ಹೋಗಬಹುದು, ಅದರ ಜೊತೆಗೇ ವೀಸಾ ಕೂಡ. ಸುಮ್ಮನಿದ್ದರೆ ಸೈಟಿನಲ್ಲಿ ಯಾರದೋ ಜೀವಕ್ಕೇ ಸಂಚಕಾರ. ಆಂಟಿಯ ಹತ್ತಿರ ಹೋಗಿ ಎಲ್ಲ ಹೇಳಿಕೊಂಡೆ.

"ಏಳು, ಅವರೆಲ್ಲ ಊಟಕ್ಕೆ ಕೂತಿದಾರೆ," ಎಂದು ಆಂಟಿ ನನ್ನ ಕೈ ಹಿಡಿದು ಎಳೆದುಕೊಂಡೇ ಹೋದರು. ಡಿಸೈನಿನವರ ತಟ್ಟೆಗಳಿಗೆಲ್ಲ ಚಿತ್ರಾನ್ನ ಬಡಿಸಿ, ನನ್ನ ಕಡೆ ತಿರುಗಿ, "ಈಗ ಹೇಳಮ್ಮ," ಎಂದರು. ಹೇಳಿದೆ. ಸಂಜೆಯೊಳಗೆ ವಾಲ್ವ್ ಸೈಟಿಗೆ ಹೊರಡಬೇಕಿದ್ದ ಟ್ರಕ್ಕಿನಿಂದ ಇಳಿಯಿತು.

ಮ್ಯಾನೇಜರ್ ವಾಪಸ್ ಬಂದವರೇ ಕೆಂಡಾಮಂಡಲವಾದರು. ಆದರೂ ನನ್ನನ್ನು ಏನೂ ಮಾಡಲಿಲ್ಲ. ಬಚಾವಾದೆ ಅಂದುಕೊಂಡೆ. ಕೆಲವೇ ವಾರಗಳಲ್ಲಿ ಆಂಟಿ ಕೆಲಸ ಬಿಟ್ಟರು. "ಸಾಕಾಯ್ತು ಕಣೇ, ಇನ್ನು ಆರಾಮಾಗಿ ಮನೇಲಿರ್ತೀನಿ," ಎಂದು ನಕ್ಕರು. ನಾನೂ ನಂಬಿದೆ.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಹ್ಯೂಸ್ಟನ್ನಿನಲ್ಲಿ ನಡೆದ ಅಂತ್ಯಕ್ರಿಯೆಗೆ ಆ ಮ್ಯಾನೇಜರೂ ಬಂದಿದ್ದರು. ನನ್ನ ಪಕ್ಕ ನಿಂತು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: "ಆ ವಾಲ್ವ್ ಗಲಾಟೆಯಲ್ಲಿ, ನಾನು ವಾಪಸ್ ಬಂದ ದಿನ ಇವರು ನನ್ನ ರೂಮಿಗೆ ಬಂದಿದ್ದರು. ಯಾರನ್ನಾದರೂ ತೆಗೆಯಲೇಬೇಕಾದರೆ ನನ್ನನ್ನು ತೆಗೆಯಿರಿ, ನನಗೆ ಗ್ರೀನ್ ಕಾರ್ಡ್ ಇದೆ, ಆ ಹುಡುಗಿಗಿಲ್ಲ ಅಂದರು. ನಾನು ತೆಗೆದೆ."

ಕೆಲಸ ಬಿಟ್ಟ ಮೇಲೆ ಅಷ್ಟು ವರ್ಷ ಅವರ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಬಂದಿದ್ದೇನೆ. ಒಂದು ದಿನವೂ ಬಾಯಿಬಿಡಲಿಲ್ಲ, ಪುಣ್ಯಾತ್ಗಿತ್ತಿ. ಈಗ ನಾನು ಯಾರ ಕಾಲಿಗೆ ಬೀಳಲಿ?