ಕೋಣೆಯೊಳಗಿನ ಡೋಣಿ ದಾರಿ

ಮದುವೆಯಾಗಿ ಮುಂಬಯಿಯ ದಹಿಸರ್‌ಗೆ ಬಂದಾಗ ದಾನವ್ವ ತವರಿನಿಂದ ತನ್ನ ರೇಸಿನ ಸೈಕಲ್ಲನ್ನೂ ತಂದಿದ್ದಳು. ವಿಜಾಪುರದಲ್ಲಿ ಗಂಡುಹುಡುಗರನ್ನು ಹಿಂದೆ ಹಾಕಿ ಹೆಸರು ಮಾಡಿದ್ದವಳು ಅವಳು. ಗಂಡ ಕಾಶಪ್ಪನಿಗೆ ಅದೇ ಹೆಮ್ಮೆ. ಅತ್ತೆ ನಾಗವ್ವನಿಗೆ ಮಾತ್ರ ಸೊಸೆ ಬೆಳಬೆಳಿಗ್ಗೆ ಲಾರಿಗಳ ನಡುವೆ ಹೈವೇ ಹಿಡಿಯುವುದು ಸೇರುತ್ತಿರಲಿಲ್ಲ.

ಎಂಬತ್ತೇಳರ ಮೊದಲ ಮಳೆಗೇ ದಾನವ್ವ ನೀರು ತುಂಬಿದ ಗುಂಡಿಯಲ್ಲಿ ಬಿದ್ದು ಮೊಣಕೈ ತರಚಿಕೊಂಡು ಬಂದಳು.

"ಸಾಕವಾ. ಮಳಿ ನಿಲ್ಲೂತನಕ ಆ ಗಾಡಿ ಹೊಸ್ತಿಲಾ ದಾಟಬಾರದು," ಎಂದಳು ನಾಗವ್ವ.

ಡಿಸೆಂಬರಿನಲ್ಲಿ ಘೋಡಬಂದರ್ ಘಾಟಿಯ ರಸ್ತೆಯಲ್ಲಿ, ಠಾಣೆ ಊರಿನವರೆಗೆ, ಹೆಂಗಸರ ರೇಸಿತ್ತು. ಮಳೆಗಾಲವಿಡೀ ಕಾಲು ಸುಮ್ಮನಿದ್ದರೆ ಅದರ ಆಸೆ ಬಿಟ್ಟಂತೆಯೇ. ದಾನವ್ವ ದಿನವೂ ಸೈಕಲ್ಲನ್ನು ಒರೆಸಿ ಮತ್ತೆ ಗೋಡೆಗೆ ಒರಗಿಸುವಳು.

ಕಾಶಪ್ಪನಿಗೆ ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಲೇತಿನ ಕೆಲಸ. ಮಾಲೀಕರನ್ನು ಕೇಳಿ ಗುಜರಿ ಪೈಪು, ಹಳೆ ಬೇರಿಂಗು ಕೂಡಿಸಿ, ಕಬ್ಬಿಣದ ಚೌಕಟ್ಟಿನಲ್ಲಿ ಮೂರು ಉರುಳೆ ಕೂರಿಸಿ ತಂದ. ಸೈಕಲ್ಲನ್ನು ಅದರ ಮೇಲಿಟ್ಟು ತುಳಿದರೆ ಗಾಲಿ ಓಡುತ್ತದೆ, ಸೈಕಲ್ಲು ಇದ್ದಲ್ಲೇ ಇರುತ್ತದೆ. ದಾನವ್ವ ಮೊದಮೊದಲು ಹಾಸಿಗೆ ಸುರುಳಿಯ ಮೇಲೆ ಉರುಳಿದಳು. ಆಮೇಲೆ ಸಮತೋಲ ಕೈಗೆ ಬಂತು. ಬಂದದ್ದೇ ಬೇಸರವೂ ಬಂತು.

"ಗ್ವಾಡಿ ನೋಡಕೋತ ಎಷ್ಟಂತ ತುಳೀಲ್ರಿ? ದಾರೀನ ಇಲ್ಲ."

ಅಕ್ಕಿ ಆರಿಸುತ್ತಿದ್ದ ನಾಗವ್ವ ತಲೆಯೆತ್ತಿದಳು. "ದಾರಿ ಬೇಕೇನ? ತುಳಿ, ನಾ ಹೇಳ್ತೀನಿ. ನನ್ನ ತವರಮನಿಗೆ ಹೋಗೂಣು."

ಹುಡುಗಿಯಾಗಿದ್ದಾಗ ಬಂಡಿಯ ಹಿಂದೆ ನಡೆದ ದಾರಿ ಅವಳ ಬಾಯಿಂದ ಒಂದೊಂದಾಗಿ ಬಿಚ್ಚಿಕೊಂಡಿತು. ಜಾಲಿಮರ, ದರ್ಗಾ, ಬಾವಿ. "ಡೋಣಿ ಹೊಳಿ ದಾಟಿದಿವಿ. ಇನ್ನ ಎರಿ ಹೊಲ, ಕರೀ ಮಣ್ಣು ಗಾಲಿ ಹಿಡೀತದ ನೋಡ." ಕಾಶಪ್ಪ ಹಿಂದಿನ ಉರುಳೆಗೊಂದು ದಪ್ಪ ಪಟ್ಟಿ ಸುತ್ತಿ, ತುದಿಯನ್ನು ತಾಯಿಯ ಕೈಗೆ ಕೊಟ್ಟಿದ್ದ. ಏರು ಬಂದಾಗ ನಾಗವ್ವ ಅದನ್ನು ಜಗ್ಗುವಳು, ಗಾಲಿ ಬಿಗಿಯಾಗುವುದು.

"ದಿನ್ನಿ ಬಂತ ದಾನಿ! ಎದ್ದ ತುಳಿ!"

ಸದ್ದಿನ ಬಗ್ಗೆ ಜಗಳಕ್ಕೆಂದು ಬಂದ ಕೆಳಮನೆಯ ರಮಾಮಣಿ, ಮೈಸೂರಿನ ಕಡೆಯಾಕೆ, ಬಾಗಿಲಲ್ಲೇ ಕೂತುಬಿಟ್ಟರು. "ಆಮೇಲೆ? ಊರು ಸಿಕ್ತಾ?" ಎಂದು ದಿನವೂ ಬರತೊಡಗಿದರು.

ರೇಸಿನ ಬೆಳಿಗ್ಗೆ ಕ್ಲಬ್ಬಿನ ಹುಡುಗಿಯರು ವಿದೇಶಿ ಸೈಕಲ್ಲುಗಳಲ್ಲಿ ಮುಂದೆ ಹಾರಿದರು. ದಾನವ್ವ ಗುಂಪಿನ ಬಾಲದಲ್ಲಿ ಉಳಿದಳು. ಘಾಟಿಯ ಏರು ಶುರುವಾದಾಗ ಒಬ್ಬೊಬ್ಬರ ಉಸಿರೂ ಕೇಳತೊಡಗಿತು. ಅವಳು ಎದ್ದು ನಿಂತು ತುಳಿದಳು. ಒಬ್ಬಳನ್ನು ದಾಟಿದಳು, ಇಬ್ಬರನ್ನು ದಾಟಿದಳು, ಕೊನೆಗೆ ಎಲ್ಲರನ್ನೂ. ನೆತ್ತಿಯ ಮೇಲೆ ಹಿಂತಿರುಗಿ ನೋಡಿದರೆ ಬರೀ ಖಾಲಿ ರಸ್ತೆ. ಇಳಿಜಾರು ಮಾತ್ರ ಕೋಣೆಯಲ್ಲಿ ಕಲಿತದ್ದಲ್ಲ. ಗಾಳಿಗೆ ಕಣ್ಣಲ್ಲಿ ನೀರು. ಆದರೂ ಬ್ರೇಕು ಮುಟ್ಟಲಿಲ್ಲ. ಠಾಣೆಯಲ್ಲಿ ರೇಸಿನ ಕೊನೆಯ ಗೆರೆಯನ್ನು ಒಬ್ಬಳೇ ದಾಟಿದಳು.

ಅಲ್ಲಿ ಕಾಶಪ್ಪ ಜನರ ಹಿಂದೆ ತುದಿಗಾಲಲ್ಲಿ ನಿಂತಿದ್ದ. ನಾಗವ್ವ ಮಾತ್ರ ಮೊಣಕೈಯಿಂದ ಜನರನ್ನು ಸರಿಸಿ, ತಡೆದ ಹವಾಲ್ದಾರನಿಗೆ ಅದುವರೆಗೆ ಬಾಯಲ್ಲಿ ಬಾರದಿದ್ದ ಮರಾಠಿಯಲ್ಲೇ ಕೂಗಿದಳು: "ಮಾಝೀ ಸೂನ್! ಮಾಝೀ ಸೂನ್!" ನನ್ನ ಸೊಸೆ ಎಂದು.

ಗೆದ್ದ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ನಾಗವ್ವ ಮಗನ ಜೊತೆ ಬಸ್ಸು ಹತ್ತಿದಳು. ನೀನೂ ಹತ್ತು ಎಂದರೂ ದಾನವ್ವ ಹತ್ತಲಿಲ್ಲ. ಅದೇ ಘಾಟಿಯನ್ನು ಆ ಕಡೆಯಿಂದ ಸೈಕಲ್ಲಿನಲ್ಲೇ ಇನ್ನೊಮ್ಮೆ ಹತ್ತಿಳಿದು, ಬಸ್ಸಿಗಿಂತ ಮೊದಲೇ ದಹಿಸರ್ ಮುಟ್ಟಿದಳು.