ಕಪಾಟು ಹವಾಲ್ದಾರನ ಪ್ರಶ್ನೆಗಳು

ಹವಾಲ್ದಾರನ ಮೊಣಕಾಲು ಮುರಿದದ್ದು ಯುದ್ಧದಲ್ಲಲ್ಲ. ಲಾರಿಯಿಂದ ಆಲೂಗಡ್ಡೆ ಮೂಟೆ ಇಳಿಸುವಾಗ ಹಿಂಬದಿಯ ಹಲಗೆ ಕಳಚಿಕೊಂಡು ಮೂಟೆಯೂ ಅವನೂ ಒಟ್ಟಿಗೆ ನೆಲಕ್ಕೆ ಬಂದರು. ಮೂಟೆಗೆ ಏನೂ ಆಗಲಿಲ್ಲ. ಮೂರು ತಿಂಗಳ ಆಸ್ಪತ್ರೆವಾಸ ಮುಗಿದ ಮೇಲೆ ಡಾಕ್ಟರು ಚೀಟಿಯಲ್ಲಿ ಬರೆದರು: ನಡೆಯಬಹುದು, ಓಡುವಂತಿಲ್ಲ, ಭಾರ ಎತ್ತುವಂತಿಲ್ಲ, ಬಹಳ ಹೊತ್ತು ನಿಲ್ಲುವಂತಿಲ್ಲ. ಇಷ್ಟನ್ನು ಕಳೆದರೆ ಸೈನ್ಯದಲ್ಲಿ ಉಳಿಯುವ ಕೆಲಸ ಯಾವುದು ಅಂತ ಆಫೀಸಿನವರು ಒಂದು ವಾರ ತಲೆ ಕೆರೆದುಕೊಂಡು, ಕೊನೆಗೆ ಅವನನ್ನು ಲೈಬ್ರರಿಗೆ ಹಾಕಿದರು.

ಲೈಬ್ರರಿ ಅಂದರೆ ಆಫೀಸರುಗಳ ಊಟದ ಹಾಲ್‌ನ ಹಿಂದಿನ ಒಂದು ಉದ್ದನೆಯ ಕೋಣೆ. ಹನ್ನೆರಡು ಮರದ ಕಪಾಟು, ಒಂದು ಮೇಜು, ಒಂದು ರಿಜಿಸ್ಟರು, ಮನಸ್ಸು ಬಂದರೆ ಹತ್ತಿಕೊಳ್ಳುವ ಒಂದು ಟ್ಯೂಬ್‌ಲೈಟು. ರಿಜಿಸ್ಟರಿನ ಪ್ರಕಾರ ಹಿಂದಿನ ವರ್ಷ ಹನ್ನೊಂದು ಸಲ ಪುಸ್ತಕ ಹೊರಗೆ ಹೋಗಿತ್ತು. ಅದರಲ್ಲಿ ಒಂಬತ್ತು ಸಲ ಹೋದದ್ದು ಒಂದೇ ಪುಸ್ತಕ, ನಾಯಿ ಸಾಕುವುದು ಹೇಗೆ ಎಂಬುದು. ಹವಾಲ್ದಾರ ಓದಿದ್ದು ಏಳನೇ ಕ್ಲಾಸು. ಅವನು ಪ್ರತಿದಿನ ಬೆಳಿಗ್ಗೆ ಹನ್ನೆರಡು ಕಪಾಟಿನ ಬೀಗ ತೆಗೆದು, ಧೂಳು ಹೊಡೆದು, ಸಂಜೆ ಹನ್ನೆರಡಕ್ಕೂ ಬೀಗ ಹಾಕುತ್ತಿದ್ದ. ಸಿಪಾಯಿಗಳು ಅವನಿಗೆ ಕಪಾಟು ಅಂತ ಹೆಸರಿಟ್ಟರು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಹಿಂದೆ ಅದಕ್ಕಿಂತ ಕೆಟ್ಟ ಹೆಸರಿತ್ತು.

ಹೀಗೆ ಎರಡು ವರ್ಷ ನೆಮ್ಮದಿಯಾಗಿ ಕಳೆಯಿತು. ಆಮೇಲೆ ಹೊಸ ಕರ್ನಲ್ ಬಂದರು.

ಸಣಕಲು ಮನುಷ್ಯ. ಕನ್ನಡಕದ ಕಡ್ಡಿಯೊಂದಕ್ಕೆ ದಾರ ಸುತ್ತಿದ್ದರು. ಅವರ ಸಾಮಾನಿನಲ್ಲಿ ಒಂದು ಟ್ರಂಕು ಬಟ್ಟೆ, ಐದು ಟ್ರಂಕು ಪುಸ್ತಕ ಇತ್ತು ಅಂತ ಇಳಿಸಿದವರು ಸೊಂಟ ಹಿಡಿದುಕೊಂಡು ಹೇಳಿದರು. ಬಂದ ಮೂರನೇ ದಿನ ಆರ್ಡರ್ ಹೊರಟಿತು. ಪ್ರತಿಯೊಬ್ಬ ಆಫೀಸರೂ ತಿಂಗಳಿಗೆ ಒಂದು ಪುಸ್ತಕ ಓದಬೇಕು, ಒಂದು ಪುಟ ಬರೆದು ಲೈಬ್ರರಿಗೆ ಕೊಡಬೇಕು. ನಿಜವಾಗಿ ಓದಿದ್ದಾರೆ ಅಂತ ಖಾತ್ರಿಯಾದ ಮೇಲೆ ಲೈಬ್ರರಿಯ ಹವಾಲ್ದಾರ ಅದಕ್ಕೆ ಸಹಿ ಹಾಕಬೇಕು.

ಕಪಾಟು ಆ ಕಾಗದವನ್ನು ಎರಡು ಸಲ ಓದಿ, ಟೋಪಿ ಸರಿಮಾಡಿಕೊಂಡು ಕರ್ನಲ್ ಕೋಣೆಗೆ ಹೋದ.

"ಸಾರ್, ನಾನು ಏಳನೇ ಕ್ಲಾಸು."

"ಗೊತ್ತು."

"ಸಾಹೇಬ್ರುಗಳು ಓದಿದಾರೋ ಇಲ್ವೋ ನನಗೆ ಹೇಗೆ ಗೊತ್ತಾಗತ್ತೆ ಸಾರ್?"

ಕರ್ನಲ್ ಕನ್ನಡಕ ಮೇಲೇರಿಸಿದರು. "ನೀವೂ ಓದಿದ್ರೆ ಗೊತ್ತಾಗತ್ತೆ."

ಮಾತು ಅಲ್ಲಿಗೆ ಮುಗಿಯಿತು.

ಕಪಾಟು ಸಂಸಾರ ಮಾಡುತ್ತಿದ್ದದ್ದು ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ. ಅವನ ಹೆಂಡತಿ ಕಿಟಕಿಯ ಪಕ್ಕ ಹೊಲಿಗೆ ಮಿಷನ್ ಇಟ್ಟುಕೊಂಡು ಇಡೀ ಸಾಲಿನ ಮನೆಯವರ ಪ್ಯಾಂಟಿನ ಅಂಚು ಮಡಿಸಿ, ಭುಜದ ಪಟ್ಟಿ ಹೊಲಿದು ಕೊಡುತ್ತಿದ್ದಳು. ಹತ್ತನೇ ಕ್ಲಾಸನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದವಳು. ಆ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆದಾಗಿತ್ತು.

ಅವನು ಮೊದಲ ಪುಸ್ತಕ ತಂದು ಮೇಜಿನ ಮೇಲಿಟ್ಟ. ಚಳಿಗಾಲದಲ್ಲಿ ದಂಡೆತ್ತಿ ಹೋದ ಒಬ್ಬ ಜನರಲ್‌ನ ಕಥೆ, ನಾನೂರ ಹತ್ತು ಪುಟ.

"ಗಟ್ಟಿಯಾಗಿ ಓದಿ," ಅಂದಳು ಹೆಂಡತಿ. "ನನಗೆ ಕೈಗೆ ಬಿಡುವಿಲ್ಲ, ಕಿವಿಗೇನು ಕೆಲಸ?"

ಅವನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದತೊಡಗಿದ. ದಿನಕ್ಕೆ ಹದಿನೈದು ಪುಟ. ಕಷ್ಟದ ಮಾತು ಬಂದರೆ ಅವಳು ಮಿಷನ್ ನಿಲ್ಲಿಸಿ ಹೇಳುತ್ತಿದ್ದಳು. ಗೊತ್ತಿಲ್ಲದಿದ್ದರೆ ಇಬ್ಬರೂ ನಿಘಂಟು ನೋಡುತ್ತಿದ್ದರು. ಆರನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ ಅವಳಿಗೆ ಆ ಜನರಲ್ ಮೇಲೆ ಸಿಟ್ಟು ಬಂದಿತ್ತು.

"ಅಲ್ಲಾ ರೀ, ನಲವತ್ತು ಸಾವಿರ ಕುದುರೆ ಕಟ್ಕೊಂಡು ಹಿಮದೊಳಗೆ ಹೊರಟಿದಾನಲ್ಲ, ಅವಕ್ಕೆ ಹುಲ್ಲು ಎಲ್ಲಿಂದ?"

"ಪುಸ್ತಕದಲ್ಲಿ ಬರೆದಿಲ್ಲ."

"ಬರೆಯೋದೇನು, ಅವನು ಯೋಚನೆನೇ ಮಾಡಿರಲ್ಲ. ಹೆಂಡ್ತಿನ ಕೇಳಿದ್ರೆ ಹೇಳ್ತಿದ್ಳು."

ಕಪಾಟು ಮಾರನೇ ದಿನ ಆ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಂಡ. ಆಮೇಲೆ ಅದೇ ಅಭ್ಯಾಸವಾಯಿತು. ಅವನು ಓದುವುದು, ಅವಳು ಕೇಳುವುದು, ಅವನು ಬರೆದುಕೊಳ್ಳುವುದು. ಬೂಟು ಯಾರು ಹೊಲಿದರು? ಕುಡಿಯೋ ನೀರು ಎಷ್ಟು ದೂರದಿಂದ ಬರುತ್ತಿತ್ತು? ಗಾಯವಾದವರನ್ನು ಹೊತ್ತುಕೊಂಡು ಬರುವುದಕ್ಕೆ ಎಷ್ಟು ಜನ? ಅಲ್ಲಿಗೆ ಹೋಗಿ ನೋಡಿಕೊಂಡು ಬಂದವರು ಯಾರು?

ಆ ಪುಸ್ತಕವನ್ನು ಮೊದಲು ಓದಿದವರು, ಅಂದರೆ ತೆಗೆದುಕೊಂಡು ಹೋದವರು, ಪೊದೆ ಮೀಸೆಯ ಮೇಜರ್. ಅವರು ತಂದುಕೊಟ್ಟ ಪುಟದಲ್ಲಿ ಧೈರ್ಯ, ಶಿಸ್ತು, ದೂರದೃಷ್ಟಿ ಎಲ್ಲ ಇತ್ತು.

"ಸಹಿ ಹಾಕು," ಅಂದರು.

"ಸಾರ್, ಒಂದೇ ಪ್ರಶ್ನೆ. ಆ ಕುದುರೆಗಳಿಗೆ ಹುಲ್ಲು ಎಲ್ಲಿಂದ ಬರ್ತಿತ್ತು?"

"ಯಾವ ಕುದುರೆ?"

"ನಲವತ್ತು ಸಾವಿರ ಕುದುರೆ ಸಾರ್. ಆರನೇ ಅಧ್ಯಾಯದಲ್ಲಿ ಎಲ್ಲಾ ಸತ್ತುಹೋಗ್ತವೆ."

ಮೇಜರ್ ಮೀಸೆ ಮುಟ್ಟಿಕೊಂಡರು. ಆಮೇಲೆ ನೇರವಾಗಿ ಕರ್ನಲ್ ಹತ್ತಿರ ಹೋಗಿ, ಒಬ್ಬ ಹವಾಲ್ದಾರ ತನ್ನನ್ನು ನಿಲ್ಲಿಸಿ ಪ್ರಶ್ನೆ ಕೇಳಿದ, ಇದು ಯಾವ ನ್ಯಾಯ ಅಂತ ದೂರು ಕೊಟ್ಟರು. ಕರ್ನಲ್ ಪೂರ್ತಿ ಕೇಳಿಸಿಕೊಂಡು, "ಅನ್ಯಾಯವೇ. ಅಂದಹಾಗೆ ಹುಲ್ಲು ಎಲ್ಲಿಂದ ಬರ್ತಿತ್ತು?" ಅಂದರಂತೆ.

ಆ ತಿಂಗಳು ಹದಿನಾಲ್ಕು ಆಫೀಸರುಗಳಲ್ಲಿ ಇಬ್ಬರಿಗೆ ಸಹಿ ಸಿಕ್ಕಿತು.

ಸಿಗದವರಲ್ಲಿ ಒಬ್ಬ ಹೊಸ ಲೆಫ್ಟಿನೆಂಟ್. ಇಪ್ಪತ್ಮೂರು ವರ್ಷ. ಇಡೀ ಕ್ಯಾಂಪಿನಲ್ಲಿ ತಂಪಾಗಿರುವ ಕೋಣೆ ಲೈಬ್ರರಿ ಅಂತ ಎರಡೇ ದಿನದಲ್ಲಿ ಕಂಡುಹಿಡಿದು, ಊಟವಾದ ಮೇಲೆ ಏಳನೇ ಕಪಾಟಿನ ಹಿಂದೆ ಕುರ್ಚಿ ಹಾಕಿಕೊಂಡು ನಿದ್ದೆ ಮಾಡುತ್ತಿದ್ದ. ಮೂರು ತಿಂಗಳು ಅವನಿಗೆ ಸಹಿ ಸಿಗಲಿಲ್ಲ. ನಾಲ್ಕನೇ ತಿಂಗಳು, ಈ ಹವಾಲ್ದಾರನ ಕಾಟ ತಪ್ಪಿದರೆ ಸಾಕು ಅಂತ ಒಂದು ಪುಸ್ತಕವನ್ನು ಕೊನೆಯವರೆಗೂ ಓದಿದ. ಬಂದು ಹವಾಲ್ದಾರನ ಮೇಜಿನ ಮುಂದೆ ಕೂತ.

"ಹವಾಲ್ದಾರ್ರೇ, ಇವರು ಸೋತಿದ್ದು ಶತ್ರುಗಳಿಂದಲ್ಲ, ಬೂಟಿನಿಂದ."

"ಹೌದಾ ಸಾರ್?"

"ಎರಡು ಸೈಜೇ ಇತ್ತಂತೆ, ದೊಡ್ಡದು, ಚಿಕ್ಕದು. ಇದನ್ನ ಟ್ರೇನಿಂಗಲ್ಲಿ ಯಾರೂ ಹೇಳ್ಲೇ ಇಲ್ಲ ನಮಗೆ."

ಕಪಾಟು ಸಹಿ ಹಾಕಿದ. ಮೊದಲ ಬಾರಿಗೆ ಪ್ರಶ್ನೆ ಕೇಳದೆ ಹಾಕಿದ ಸಹಿ ಅದು. ಅಲ್ಲಿಂದ ಲೆಫ್ಟಿನೆಂಟ್ ವಾರಕ್ಕೊಂದು ಓದತೊಡಗಿದ. ನಿದ್ದೆಯನ್ನೂ ಬಿಡಲಿಲ್ಲ, ಪುಸ್ತಕ ಮುಖದ ಮೇಲಿಟ್ಟುಕೊಂಡು ಮಲಗುತ್ತಿದ್ದ.

ಹತ್ತನೇ ಕಪಾಟಿನ ಕೆಳಗಿನ ಖಾನೆಯಲ್ಲಿ ಟೈಪ್ ಮಾಡಿ ದಾರದಿಂದ ಹೊಲಿದ ಒಂದು ಹಳೆಯ ದಿನಚರಿಯಿತ್ತು. ಐವತ್ತು ವರ್ಷದ ಹಿಂದೆ ಇದೇ ಕ್ಯಾಂಪಿನ ಒಬ್ಬ ಕ್ಯಾಪ್ಟನ್ ಬರೆದದ್ದು. ಊರಿನ ಹೊಳೆ ಉಕ್ಕಿ ಬಂದಾಗ ಸೇತುವೆ ನಿಂತಿತ್ತು, ಆದರೆ ಸೇತುವೆಗೆ ಹೋಗುವ ಎಡಗಡೆಯ ಮಣ್ಣಿನ ದಿಬ್ಬ ಕೊಚ್ಚಿಹೋಗಿ ಎರಡು ಲಾರಿ ಮುಳುಗಿದವು, ಕೊನೆಗೆ ಕಲ್ಲುಕ್ವಾರಿಯ ತಿರುವಿನಿಂದ ದೋಣಿ ಬಿಟ್ಟು ಜನರನ್ನು ದಾಟಿಸಿದರು ಅಂತ ಅದರಲ್ಲಿತ್ತು. ಕಪಾಟು ಅದನ್ನು ಮನೆಯಲ್ಲಿ ಓದಿದಾಗ ಹೆಂಡತಿ ಸೂಜಿಗೆ ದಾರ ಪೋಣಿಸುತ್ತಾ, "ಹೊಳೆ ಈಗಲೂ ಅಲ್ಲೇ ಇದೆಯಾ?" ಅಂದಳು.

"ಇನ್ನೆಲ್ಲಿಗೆ ಹೋಗತ್ತೆ?"

"ಇಪ್ಪತ್ತು ವರ್ಷದಲ್ಲಿ ನಿಮ್ಮ ಕೂದಲೇ ಇದ್ದ ಕಡೆ ಇಲ್ಲ. ಐವತ್ತು ವರ್ಷದಲ್ಲಿ ಹೊಳೆ ಇರತ್ತಾ?"

ಕಪಾಟು ದಿನಚರಿಯನ್ನು ಲೆಫ್ಟಿನೆಂಟ್ ಕೈಗೆ ಕೊಡುವಾಗ ಗಂಭೀರವಾಗಿ ಹೇಳಿದ, "ಚೆನ್ನಾಗಿದೆ ಸಾರ್, ಓದಿ. ಆದ್ರೆ ಇದರೊಳಗಿರೋದು ಐವತ್ತು ವರ್ಷದ ಹಿಂದಿನ ನೀರು."

ಮುಂದಿನ ವರ್ಷದ ಮಳೆಗಾಲದಲ್ಲಿ ಆರು ದಿನ ಬಿಡದೆ ಸುರಿಯಿತು. ಏಳನೇ ದಿನ ಬೆಳಿಗ್ಗೆ ಹೊಳೆಯಾಚೆಯ ಕಾಗದದ ಕಾರ್ಖಾನೆಯ ಕಾಲೋನಿ ಮುಳುಗಿ, ಆರುನೂರು ಚಿಲ್ಲರೆ ಜನ ಕಾರ್ಖಾನೆಯ ತಾರಸಿ ಹತ್ತಿ ನಿಂತಿದ್ದಾರೆ ಅಂತ ಸುದ್ದಿ ಬಂತು. ಕರ್ನಲ್ ಕೇಂದ್ರ ಕಚೇರಿಗೆ ಹೋಗಿದ್ದರು. ಜವಾಬ್ದಾರಿ ಮೀಸೆ ಮೇಜರ್‌ದು. ಅವರು ನಕ್ಷೆ ಹರಡಿ ಸೇತುವೆಯ ಮೇಲೆ ಬೆರಳಿಟ್ಟರು.

"ಎಂಟು ಲಾರಿ, ಸೇತುವೆ ಮೇಲಿಂದ ನೇರವಾಗಿ. ಇಪ್ಪತ್ತು ನಿಮಿಷ."

ಲೆಫ್ಟಿನೆಂಟ್ ಬಾಯಿ ಬಿಟ್ಟ. "ಸಾರ್, ಎಡಗಡೆ ದಿಬ್ಬ ನಿಲ್ಲಲ್ಲ. ಹಿಂದಿನ ಸಲ ಅಲ್ಲೇ ಎರಡು ಲಾರಿ ಹೋಗಿ, ಕೊನೆಗೆ ಕ್ವಾರಿ ತಿರುವಿಂದ ದೋಣಿ ಬಿಟ್ಟಿದ್ರು. ದಿನಚರೀಲಿ ಇದೆ."

"ಆ ಸೇತುವೆ ಬೇರೆ. ಇದು ಹೊಸದು."

"ಸೇತುವೆ ಹೊಸದು ಸಾರ್. ಮಣ್ಣು ಅದೇ."

ಮೇಜರ್ ನಕ್ಷೆಯ ಮೇಲಿಂದ ಬೆರಳು ತೆಗೆದರು. ಓದದೆ ಇದ್ದದ್ದಕ್ಕೆ ಒಂದು ಸಲ ಪೇಚಿಗೆ ಸಿಕ್ಕ ಮನುಷ್ಯ. ಕೊನೆಗೆ, "ಮತ್ತೆ ಎಲ್ಲಿಂದ? ಕ್ವಾರಿಯಿಂದಾನಾ?" ಅಂದರು.

"ಗೊತ್ತಿಲ್ಲ ಸಾರ್. ಅರ್ಧ ಗಂಟೆ ಕೊಡಿ, ನೋಡ್ಕೊಂಡು ಬರ್ತೀನಿ."

ಕ್ವಾರಿಯ ತಿರುವಿನಲ್ಲಿ ನೀರು ನೋಡುವುದಕ್ಕೆ ಸಮಾಧಾನವಾಗಿಯೇ ಇತ್ತು. ದಡದಲ್ಲಿ ಮೀನಿನ ಬಲೆಯನ್ನು ಮೇಲಕ್ಕೆಳೆದು ಕಟ್ಟುತ್ತಿದ್ದ ಒಬ್ಬ ಹೆಂಗಸನ್ನು ಲೆಫ್ಟಿನೆಂಟ್ ಕೇಳಿದ, "ಅಮ್ಮಾ, ಇಲ್ಲಿ ದೋಣಿ ಬಿಡಬಹುದಾ?"

"ಬಿಡಿ," ಅಂದಳು ಅವಳು. "ವಾಪಸ್ ಬರೋದು ಬೇಡ ಅಂದ್ರೆ ಬಿಡಿ. ಮರಳು ತೆಗೆದೂ ತೆಗೆದೂ ಒಳಗೆ ಬಾವಿ ಮಾಡಿಟ್ಟಿದಾರೆ, ದೋಣಿ ಬುಗುರಿ ಥರ ತಿರುಗತ್ತೆ. ಆ ಇಟ್ಟಿಗೆ ಗೂಡಿನ ಹಿಂದಕ್ಕೆ ಹೋಗಿ, ಅಲ್ಲಿ ನೀರು ತನ್ನ ಪಾಡಿಗೆ ತಾನಿದೆ."

ದೋಣಿಗಳನ್ನು ಇಟ್ಟಿಗೆ ಗೂಡಿನ ಹಿಂದಿನಿಂದ ಇಳಿಸಿದರು. ಅದಕ್ಕೆ ಮುಂಚೆ ಲೆಫ್ಟಿನೆಂಟ್ ಅಡುಗೆಯವರಿಂದ ಇಪ್ಪತ್ತೆರಡು ಕ್ಯಾನು ಕುಡಿಯುವ ನೀರು ತರಿಸಿ ಮೊದಲ ಎರಡು ದೋಣಿಗೆ ಹಾಕಿಸಿದ. ಹೊಳೆಗೆ ನೀರು ಹೊತ್ತುಕೊಂಡು ಹೋಗುತ್ತಿದ್ದಾರೆ ಅಂತ ಸಿಪಾಯಿಗಳು ನಕ್ಕರು. ತಾರಸಿಯ ಮೇಲಿದ್ದವರು ಹಿಂದಿನ ರಾತ್ರಿಯಿಂದ ಏನೂ ಕುಡಿದಿರಲಿಲ್ಲ. ಕ್ಯಾನು ಕೈಗೆ ಬರುತ್ತಲೇ ಕಚ್ಚಾಡಿಕೊಂಡರು, ಆಮೇಲೆ ಮಕ್ಕಳಿಗೆ ಬಿಟ್ಟುಕೊಟ್ಟರು. ಒಂಬತ್ತೂ ಇಪ್ಪತ್ತಕ್ಕೆ ಸೇತುವೆಯ ಎಡಗಡೆಯ ದಿಬ್ಬ ಸದ್ದಿಲ್ಲದೆ ಹೊಳೆಗೆ ಸೇರಿತು. ಅದರ ಮೇಲೆ ಯಾರೂ ಇರಲಿಲ್ಲ. ಮೇಜರ್ ದಡದಲ್ಲಿ ನಿಂತು ಅದನ್ನು ನೋಡಿದರು, ಗಡಿಯಾರವನ್ನೂ ನೋಡಿಕೊಂಡರು. ಸಂಜೆ ಐದರೊಳಗೆ ಅಷ್ಟೂ ಜನ ಈಚೆಗೆ ಬಂದರು.

ಅಷ್ಟು ಹೊತ್ತೂ ಕಪಾಟು ಲೈಬ್ರರಿಯಲ್ಲಿದ್ದ. ಸೂರು ಸೋರುತ್ತಿತ್ತು, ನೆಲದಲ್ಲಿ ನೀರು ನಿಂತಿತ್ತು. ಭಾರ ಎತ್ತುವಂತಿಲ್ಲವಾದ್ದರಿಂದ ಹೆಂಡತಿ ಬಂದು ಕೆಳಗಿನ ಖಾನೆಯ ಪುಸ್ತಕಗಳನ್ನೆಲ್ಲ ಮೇಲೆ ಜೋಡಿಸುತ್ತಿದ್ದಳು. ದಿನಚರಿ ನೆಚ್ಚಿಕೊಂಡು ದೋಣಿ ಬಿಟ್ಟಿದ್ದಾರೆ ಅನ್ನುವಷ್ಟು ಸುದ್ದಿ ಮಾತ್ರ ಅವನ ಕಿವಿಗೆ ಬಿದ್ದಿತ್ತು.

"ಓದಿ ಅಂತ ಕೊಟ್ಟವನು ನಾನು," ಅಂದ ಅವನು. "ಅದರಲ್ಲಿ ಬರೆದಿದ್ದು ತಪ್ಪಾದ್ರೆ?"

"ತಪ್ಪಿರಬಹುದು ಅಂತಲೂ ಹೇಳಿ ಕೊಟ್ಟಿದೀರಲ್ಲ."

"ಅದು ನೀನು ಹೇಳಿದ್ದು."

"ಯಾರು ಹೇಳಿದ್ರೇನು, ಆ ಕಡೆಯಿಂದ ಹಿಡೀರಿ, ಒದ್ದೆ ಆಗ್ತಿದೆ."

ಅವನು ಹಿಡಿದ. ಆಲೂಗಡ್ಡೆ ಮೂಟೆಯ ಜೊತೆ ಬಿದ್ದಾಗಲೂ ಅವನಿಗೆ ಅಷ್ಟು ಭಯವಾಗಿರಲಿಲ್ಲ. ಐದೂವರೆಗೆ ಲಾರಿಗಳು ವಾಪಸ್ ಬಂದ ಸದ್ದು ಕೇಳಿದ ಮೇಲೆ ಕುರ್ಚಿಯಲ್ಲಿ ಕೂತು ಎರಡು ಲೋಟ ನೀರು ಕುಡಿದ.

ಕರ್ನಲ್ ಹಿಂತಿರುಗಿ ಎಲ್ಲರನ್ನೂ ಕರೆದು ವಿಚಾರಿಸಿದರು. ಕುಡಿಯುವ ನೀರು ಒಯ್ಯಬೇಕು ಅಂತ ಹೊಳೆದದ್ದು ಹೇಗೆ ಅಂತ ಲೆಫ್ಟಿನೆಂಟನ್ನು ಕೇಳಿದರೆ, "ವಾಪಸ್ ಬಂದ್ಮೇಲೆ ಕಪಾಟು ಕೇಳ್ತಾರೆ ಸಾರ್, ಅದಕ್ಕೆ," ಅಂದ. ಕಪಾಟಿಗೆ ಕರೆ ಹೋಯಿತು.

"ಈ ಪ್ರಶ್ನೆಗಳು ನಿಮಗೆ ಎಲ್ಲಿ ಸಿಗ್ತವೆ?"

ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಮನೇಲಿ ಸಾರ್. ನನ್ನ ಹೆಂಡ್ತಿ ಹೊಲೀತಾ ಕೇಳ್ತಾಳೆ, ನಾನು ಬರ್ಕೋತೀನಿ."

ಮರುದಿನ ಅವಳು ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದಳು, ಕೆಲಸದ ನಡುವೆ ಕರೆದಿದ್ದರು. ಕರ್ನಲ್ ಎದ್ದು ನಿಂತು ಕುರ್ಚಿ ತೋರಿಸಿದರು.

"ನೀವು ಯುದ್ಧದ ಬಗ್ಗೆ ಇಷ್ಟೆಲ್ಲಾ ಹೇಗೆ ತಿಳ್ಕೊಂಡ್ರಿ?"

"ಯುದ್ಧ ನನಗೇನೂ ಗೊತ್ತಿಲ್ಲ ಸಾರ್. ನಾಲ್ಕು ಜನ ಊರಿಗೆ ಹೊರಟ್ರೆ ಏನೇನು ಬೇಕು ಅಂತ ಗೊತ್ತು. ಇವರು ಲಕ್ಷಗಟ್ಟಲೆ ಜನ ಹೊರಡ್ತಾರೆ, ಅಷ್ಟೇ ವ್ಯತ್ಯಾಸ."

ಕರ್ನಲ್ ಅದನ್ನು ಬರೆದುಕೊಂಡರು. ಏನಾದರೂ ಬೇಕೇ ಅಂತ ಕೇಳಿದ್ದಕ್ಕೆ, ಪುಸ್ತಕಗಳನ್ನು ತನ್ನ ಹೆಸರಿನಲ್ಲೇ ತೆಗೆದುಕೊಂಡು ಹೋಗಬೇಕು, ಗಂಡ ಓದುವುದು ಬಹಳ ನಿಧಾನ, ಅಂದಳು. ಲೈಬ್ರರಿಯ ನಿಯಮದಲ್ಲಿ ಆಫೀಸರುಗಳಿಗೆ ಮಾತ್ರ ಅಂತಿತ್ತು. ನಿಯಮ ತಿದ್ದುವುದಕ್ಕೆ ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವಳು ಹತ್ತೊಂಬತ್ತು ಪುಸ್ತಕ ಮುಗಿಸಿದ್ದಳು.

ಮೇಜರ್ ಒಂದು ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ಬಂದರು. "ಆ ಚಳಿಗಾಲದ ಪುಸ್ತಕ ಇದೆಯಾ?" ಎರಡು ವಾರದ ಮೇಲೆ ತಂದು ಮೇಜಿನ ಮೇಲಿಟ್ಟರು. "ಎಲ್ಲಿಂದಲೂ ಬರ್ತಿರಲಿಲ್ಲ."

"ಏನು ಸಾರ್?"

"ಹುಲ್ಲು."

ಕಪಾಟು ಹಳೆಯ ಕಾಗದವನ್ನು ಹುಡುಕಿ ತೆಗೆದು ಸಹಿ ಹಾಕಿ ಅವತ್ತಿನ ತಾರೀಕು ಬರೆದ. ಎರಡು ವರ್ಷ ಎರಡು ತಿಂಗಳು ತಡ. ಮೇಜರ್ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, ನಿಂತೇ ಇದ್ದರು. ಆಮೇಲೆ, "ಮುಂದಿನದು ಯಾವುದು ಓದಲಿ?" ಅಂದರು.

ಇದೆಲ್ಲ ನಡೆದು ಇಪ್ಪತ್ತೈದು ವರ್ಷವಾಯಿತು. ಲೆಫ್ಟಿನೆಂಟ್ ಈಗ ಬ್ರಿಗೇಡಿಯರ್, ಹೊಸ ಆಫೀಸರುಗಳಿಗೆ ಪಾಠ ಹೇಳುವ ಶಾಲೆಯ ಮುಖ್ಯಸ್ಥ. ಅಲ್ಲಿನ ಹುಡುಗರಿಗೆ ತನ್ನನ್ನು ಕಂಡರಾಗುವುದಿಲ್ಲ, ಬಹುಶಃ ಪಾಠ ಸರಿಯಾಗಿ ನಡೆಯುತ್ತಿದೆ ಅಂತ ಕಪಾಟಿಗೆ ಪತ್ರ ಬರೆದಿದ್ದ.

ಕಪಾಟು ನಿವೃತ್ತನಾಗಿ ಹದಿನೇಳು ವರ್ಷ. ಗಡಿಯಾಚೆಯವರ ಜೊತೆ ನಡೆದ ಒಂದು ಯುದ್ಧದ ಬಗ್ಗೆ ಅವನು ನಮ್ಮವರು ಬರೆದದ್ದನ್ನೆಲ್ಲ ಓದಿ ಮುಗಿಸಿದ್ದಾನೆ. ಎಲ್ಲದರಲ್ಲೂ ನಾವೇ ಗೆದ್ದಿದ್ದೇವೆ. ಅವರು ಏನು ಬರೆದುಕೊಂಡಿದ್ದಾರೆ ನೋಡಬೇಕಲ್ಲ ಅಂತ, ಹೋದ ವರ್ಷ ಅವರ ಭಾಷೆ ಕಲಿಯುವ ಸಂಜೆ ಕ್ಲಾಸಿಗೆ ಸೇರಿದ. ಕಲಿಸುವವಳು ಮಗಳ ವಯಸ್ಸಿನವಳು, ಮುಲಾಜು ನೋಡುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ಮೂವತ್ತೊಂದು ಬಂತು, ಫೇಲು. ಹೆಂಡತಿ ಅದೇ ಪರೀಕ್ಷೆ ಕಟ್ಟಿ ಎಪ್ಪತ್ತೆಂಟು ತೆಗೆದುಕೊಂಡಳು. ಅವನು ಮಾರ್ಚಿನಲ್ಲಿ ಮತ್ತೆ ಕೂರುತ್ತಾನಂತೆ.